ಗ್ರ್ಯಾಂಟ್ ಮನೆ ಯಾವ ಹಂತದಲ್ಲಿದೆ? ಮಂಡ್ಯ, ಮೈಸೂರು ಕಡೆಯವರು ನೋಡಿಕೊಳ್ಳುವ ಬಗೆ

ಸರ್ಕಾರದ ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದಿದೆ ಅಂದ ತಕ್ಷಣ ಹಳೆ ಮನೆ ಕೀಳಿಸಬೇಡಿ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಜನ ಕಷ್ಟಕ್ಕೆ ಬೀಳುವುದು ಇಲ್ಲೇ. ಹೆಂಚು ಇಳಿಸಿ, ಗೋಡೆ ಕೆಡವಿ, ಪಕ್ಕದಲ್ಲೇ ಶೀಟಿನ ಶೆಡ್ಡು ಹಾಕಿಕೊಂಡು, ಮೊದಲ ಬಿಲ್ಲಿಗೆ, ಅಂದರೆ ಮೊದಲ ಕಂತಿನ ಹಣಕ್ಕೆ, ಕಾಯುತ್ತಾ ಇಡೀ ಮಳೆಗಾಲ ಕಳೆಯುವ ಸಂಸಾರಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮಕ್ಕಳ ಪುಸ್ತಕ, ರಾಗಿ ಮೂಟೆ ಎಲ್ಲ ಒದ್ದೆ.

ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಮನೆ ಮಂಜೂರಾಗುವುದು ಬೇರೆ, ಬಿಲ್ಲು ಆಗುವುದು ಬೇರೆ. ನಿಮ್ಮ ಮನೆ ಈ ಮೂರರಲ್ಲಿ ಎಲ್ಲಿದೆ ಅಂತ ನೀವೇ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಅದಕ್ಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಆದರೆ ಪರದೆ ಮೇಲೆ ಬರುವುದನ್ನು ಸರಿಯಾಗಿ ಓದಲು ಬರಬೇಕು.

ನಿಮ್ಮದು ಯಾವ ಯೋಜನೆ?

ಊರಲ್ಲಿ ಎಲ್ಲವನ್ನೂ ಆಶ್ರಯ ಮನೆ, ಗ್ರ್ಯಾಂಟ್ ಮನೆ ಅಂತಲೇ ಕರೆಯುತ್ತಾರೆ. ಹುಡುಕುವಾಗ ಅಷ್ಟು ಸಾಲದು. ಯೋಜನೆ ಯಾವುದು ಎನ್ನುವುದರ ಮೇಲೆ ಯಾವ ಜಾಲತಾಣ ತೆರೆಯಬೇಕು, ಯಾವ ಕಚೇರಿಗೆ ಹೋಗಬೇಕು ಎನ್ನುವುದು ತೀರ್ಮಾನವಾಗುತ್ತದೆ.

ರಾಜ್ಯದ ಮನೆಗಳನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಇದು 2000ದಲ್ಲಿ ಶುರುವಾಯಿತು. ಹಳ್ಳಿಗಳಲ್ಲಿ ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ಅಂಗವಿಕಲರು, ವಿಧವೆಯರು, ಅಲೆಮಾರಿಗಳಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಇವೆ. ಪಟ್ಟಣದವರಿಗೆ ವಾಜಪೇಯಿ ನಗರ ವಸತಿ ಯೋಜನೆ ಇದೆ.

ಕೇಂದ್ರದ್ದು ಪ್ರಧಾನಮಂತ್ರಿ ಆವಾಸ್ ಯೋಜನೆ. ಇದರಲ್ಲಿ ಗ್ರಾಮೀಣ ಬೇರೆ, ನಗರ ಬೇರೆ. ಹಿಂದೆ ಇಂದಿರಾ ಆವಾಸ್ ಅಂತ ಇದ್ದದ್ದೇ 2016ರಿಂದ ಗ್ರಾಮೀಣ ಆವಾಸ್ ಯೋಜನೆಯಾಗಿದೆ. ನಮ್ಮ ರಾಜ್ಯದಲ್ಲಿ ಇದನ್ನು ಜಾರಿ ಮಾಡುವುದೂ ನಿಗಮವೇ. ಹಾಗಾಗಿ ಮನೆ ಕೇಂದ್ರದ್ದಾದರೂ ಪಂಚಾಯಿತಿಯಲ್ಲಿ ಕೆಲಸ ಮಾಡುವ ಕೈಗಳು ಅವೇ.

ಮೈಸೂರು ಸುತ್ತಮುತ್ತಲಿನವರು ಇನ್ನೊಂದು ವಿಷಯ ಗಮನಿಸಬೇಕು. ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಇವುಗಳಿಗೆ ಸೇರಿದ ಎಷ್ಟೋ ಊರುಗಳಲ್ಲಿ ಗ್ರಾಮ ಪಂಚಾಯಿತಿ ಇದ್ದಾಗ ಅರ್ಜಿ ಹಾಕಿದವರಿದ್ದಾರೆ. ಅವರು ಗ್ರಾಮೀಣ, ನಗರ ಎರಡೂ ಕಡೆ ಹೆಸರು ಹುಡುಕಬೇಕು. ಒಂದು ಕಡೆ ಸಿಗದಿದ್ದರೆ ಅರ್ಜಿಯೇ ಬಿದ್ದುಹೋಯಿತು ಅಂದುಕೊಳ್ಳಬೇಡಿ.

ಯೋಜನೆಯ ಹೆಸರು ಗೊತ್ತಿಲ್ಲದಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರವೋ ಬಿಲ್ ಕಲೆಕ್ಟರ್ ಹತ್ತಿರವೋ ಎರಡೇ ಪ್ರಶ್ನೆ ಕೇಳಿ: "ನಮ್ಮದು ಯಾವ ಯೋಜನೆ, ಯಾವ ವರ್ಷದ ಗುರಿ?" ಎರಡನ್ನೂ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.

ನಂಬರ್ ಕೈಯಲ್ಲಿರಲಿ

ಮನೆ ಮಂಜೂರಾದರೆ ಫಲಾನುಭವಿಗೆ ಒಂದು ಸಂಖ್ಯೆ ಬರುತ್ತದೆ. ಆದೇಶ ಪತ್ರ ಸಿಕ್ಕಿದ್ದರೆ ಅದರಲ್ಲೇ ಇರುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಮನೆಯ ನೋಂದಣಿ ಸಂಖ್ಯೆ ಇಂಗ್ಲಿಷಿನ ಕೆ, ಎ ಅಕ್ಷರಗಳಿಂದ ಶುರುವಾಗುತ್ತದೆ. ಈ ಸಂಖ್ಯೆ ಒಂದಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಆದೇಶ ಪತ್ರದ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.

ಇದರ ಜೊತೆಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನು ಹತ್ತಿರ ಇರಲಿ. ಸಾಮಾನ್ಯವಾಗಿ ಮನೆ ಹೆಂಗಸರ ಹೆಸರಿಗೇ ಆಗಿರುತ್ತದೆ. ಯಜಮಾನರ ಹೆಸರಿನಲ್ಲಿ ಹುಡುಕಿ ಸಿಗಲಿಲ್ಲ ಅಂತ ವಾಪಸ್ ಬರುವವರು ಬಹಳ ಜನ. ಮೊದಲು ಮನೆಯೊಡತಿಯ ಹೆಸರು ಹಾಕಿ ನೋಡಿ.

ರಾಜ್ಯದ ಮನೆ ನೋಡುವುದು

ಆಶ್ರಯ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಎನ್ನುವ ವಿಳಾಸ ತೆರೆಯಿರಿ. ಇದು ನಿಗಮದ ಜಾಲತಾಣ. ಮೊಬೈಲಿನಲ್ಲಿ ಪುಟ ಮುರಿದಂತೆ ಕಂಡರೆ ಬ್ರೌಸರಿನಲ್ಲಿ ಡೆಸ್ಕ್‌ಟಾಪ್ ಸೈಟ್ ಎನ್ನುವುದನ್ನು ಒತ್ತಿ. ಮೇಲಿನ ಸಾಲಿನಲ್ಲಿ "ಫಲಾನುಭವಿಯ ಮಾಹಿತಿ" ಅಂತ ಇರುತ್ತದೆ. ಅದನ್ನು ಒತ್ತಿ, ಜಿಲ್ಲೆ ಆರಿಸಿ, ನಿಮ್ಮ ಸಂಖ್ಯೆ ಹಾಕಿ. ಹೆಸರು, ಊರು, ಯೋಜನೆ, ಮನೆ ಯಾವ ಹಂತದಲ್ಲಿದೆ, ಎಷ್ಟು ಹಣ ಬಿಡುಗಡೆಯಾಗಿದೆ ಎನ್ನುವುದನ್ನು ಅಲ್ಲಿ ನೋಡಬಹುದು.

ಅನುದಾನ ಬಿಡುಗಡೆಯ ಪಟ್ಟಿ ಅಲ್ಲೇ ಬೇರೆ ಇದೆ. ವರ್ಷ, ವಾರ ಆರಿಸಿ ನೋಡುವಂಥದ್ದು. "ಈ ವಾರದ ಲಿಸ್ಟಲ್ಲಿ ಬಂದಿದೆ" ಅಂತ ಪಂಚಾಯಿತಿಯಲ್ಲಿ ಹೇಳಿದರೆ ಅದನ್ನು ಇಲ್ಲಿ ತಾಳೆ ನೋಡಬಹುದು.

ಕೇಂದ್ರದ ಗ್ರಾಮೀಣ ಮನೆ ನೋಡುವುದು

ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ ಪಿಎಂಎವೈಜಿ ಜಾಲತಾಣದಲ್ಲಿ "ಸ್ಟೇಕ್‌ಹೋಲ್ಡರ್ಸ್" ಎನ್ನುವ ಮೆನುವಿನ ಕೆಳಗೆ ಫಲಾನುಭವಿ ಹುಡುಕುವ ಪುಟವಿದೆ. ನೋಂದಣಿ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಸಂಖ್ಯೆ ಇಲ್ಲದವರು "ಅಡ್ವಾನ್ಸ್ಡ್ ಸರ್ಚ್" ಒತ್ತಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಯೋಜನೆ, ವರ್ಷ ಆರಿಸಿ ಹೆಸರಿನಿಂದ ಹುಡುಕಬಹುದು. ತಾಲ್ಲೂಕು ಇರುವ ಕಡೆ ಅಲ್ಲಿ ಬ್ಲಾಕ್ ಅಂತ ಬರೆದಿರುತ್ತದೆ.

ಹೆಸರು ಹುಡುಕುವಾಗ ಎಡವುವುದು ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ. ಲಕ್ಷ್ಮಮ್ಮ ಅನ್ನುವ ಒಂದು ಹೆಸರನ್ನೇ ನಾಲ್ಕು ಥರ ಟೈಪ್ ಮಾಡಿರುತ್ತಾರೆ. ಪೂರ್ತಿ ಹೆಸರು ಹಾಕಬೇಡಿ, ಮೊದಲ ಮೂರ್ನಾಲ್ಕು ಅಕ್ಷರ ಹಾಕಿ. ಒಂದೇ ಪಂಚಾಯಿತಿಯಲ್ಲಿ ಅದೇ ಹೆಸರಿನವರು ಹತ್ತಾರು ಜನ ಇರುತ್ತಾರೆ, ಆದ್ದರಿಂದ ಕೋಂ ಯಾರು, ಬಿನ್ ಯಾರು ಅಂತ ಗಂಡನ ಅಥವಾ ತಂದೆಯ ಹೆಸರನ್ನೂ ನೋಡಿ. ಪಕ್ಕದ ಬೀದಿಯವರ ಮನೆ ವಿವರ ನೋಡಿಕೊಂಡು ನಮ್ಮದೇ ಅಂತ ಖುಷಿಪಟ್ಟವರೂ ಇದ್ದಾರೆ.

ನನಗೆ ಇದಕ್ಕಿಂತ ಹಿಡಿಸಿದ್ದು ಅದೇ ಜಾಲತಾಣದ ಆವಾಸ್‌ಸಾಫ್ಟ್ ವರದಿಗಳು. ಅಲ್ಲಿ "ಎಚ್" ಎನ್ನುವ ಗುಂಪಿನಲ್ಲಿ ಸೋಷಿಯಲ್ ಆಡಿಟ್ ವರದಿ, ಅದರೊಳಗೆ ಫಲಾನುಭವಿಗಳ ವಿವರ ಪರಿಶೀಲನೆ ಅಂತ ಒಂದು ಸಾಲು ಇದೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ, ಯೋಜನೆ ಆರಿಸಿ, ಕೇಳುವ ಪುಟ್ಟ ಲೆಕ್ಕಕ್ಕೆ ಉತ್ತರ ಬರೆದರೆ ಇಡೀ ಪಂಚಾಯಿತಿಯ ಪಟ್ಟಿ ತೆರೆದುಕೊಳ್ಳುತ್ತದೆ. ಯಾರಿಗೆ ಮಂಜೂರಾಗಿದೆ, ಎಷ್ಟು ಕಂತು ಹೋಗಿದೆ, ಮನೆ ಎಲ್ಲಿಗೆ ಬಂದಿದೆ ಎಲ್ಲವೂ ಅಲ್ಲೇ. ನಂಬರ್ ಇಲ್ಲದವರು ಸುಮ್ನೆ ಇಲ್ಲಿಂದಲೇ ಶುರು ಮಾಡಿ. ಗ್ರಾಮಸಭೆಗೆ ಹೋಗುವ ಮುಂಚೆ ಊರಿನ ಯಾರಾದರೂ ಒಬ್ಬ ಹುಡುಗ ಈ ಪಟ್ಟಿಯ ಪ್ರಿಂಟ್ ತೆಗೆದುಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ.

ವರ್ಷದ ವಿಷಯದಲ್ಲಿ ಎಚ್ಚರ. ಅಲ್ಲಿ ಕೇಳುವುದು ಮನೆ ಮಂಜೂರಾದ ಹಣಕಾಸು ವರ್ಷ, ನೀವು ಅರ್ಜಿ ಕೊಟ್ಟ ವರ್ಷವಲ್ಲ. ಒಂದು ವರ್ಷದಲ್ಲಿ ಸಿಗದಿದ್ದರೆ ಹಿಂದಿನದು, ಮುಂದಿನದು ಎರಡೂ ನೋಡಿ.

ಪಟ್ಟಣದವರು

ಮೈಸೂರು ಪಾಲಿಕೆ, ಮಂಡ್ಯ, ಮದ್ದೂರು, ನಂಜನಗೂಡಿನಂಥ ಪಟ್ಟಣಗಳಲ್ಲಿರುವವರಿಗೆ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಜಾಲತಾಣ. ಇದರ ಎರಡನೇ ಹಂತ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅರ್ಜಿ ಹಾಕಿದಾಗ ಸಿಕ್ಕ ಸಂಖ್ಯೆ ಇಟ್ಟುಕೊಂಡು "ಟ್ರ್ಯಾಕ್ ಅಪ್ಲಿಕೇಷನ್" ಎನ್ನುವಲ್ಲಿ ನೋಡಬಹುದು. ಹಳೆ ಹಂತದ ಅರ್ಜಿಯಾದರೆ ಅಸೆಸ್‌ಮೆಂಟ್ ಸಂಖ್ಯೆ ಬೇಕು. ಅದು ಕಳೆದಿದ್ದರೆ ಹೆಸರು, ತಂದೆ ಹೆಸರು, ಮೊಬೈಲ್ ನಂಬರಿನಿಂದ ಹುಡುಕುವ ದಾರಿಯೂ ಇತ್ತು. ಕಳೆದ 20 ವರ್ಷದಲ್ಲಿ ಸರ್ಕಾರದ ಯಾವುದೇ ವಸತಿ ಯೋಜನೆಯಲ್ಲಿ ಮನೆ ಪಡೆದವರಿಗೆ ಎರಡನೇ ಹಂತದಲ್ಲಿ ಅವಕಾಶವಿಲ್ಲ. ಅರ್ಜಿ ತಿರಸ್ಕಾರವಾಗಿದ್ದರೆ ಕಾರಣ ಇದೇನಾ ಅಂತ ಮೊದಲು ನೋಡಿ.

ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟುವ ಮನೆಗಳ ಪಟ್ಟಿ ಮಂಡಳಿಯ ಕಚೇರಿಯಲ್ಲೇ ಸಿಗುತ್ತದೆ. ಅಲ್ಲಿ ಫಲಾನುಭವಿಯ ವಂತಿಗೆ ಅಂತ ಹಣ ಕಟ್ಟಬೇಕಾದರೆ ಬ್ಯಾಂಕಿನಲ್ಲಿ ಕಟ್ಟಿ ರಸೀದಿ ತೆಗೆದುಕೊಳ್ಳಿ. ಯಾರ ಕೈಗೂ ನಗದು ಕೊಡಬೇಡಿ.

ಪರದೆಯ ಮೇಲೆ ಬರುವ ಮಾತಿನ ಅರ್ಥ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಅಲ್ಲಿ ಕಾಣುವ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಮೇಜು ಇರುತ್ತದೆ. ಯಾವ ಮೇಜಿನಲ್ಲಿ ನಿಂತಿದೆ ಅಂತ ಗೊತ್ತಾದರೆ ಅಲೆದಾಟ ಅರ್ಧ ಕಡಿಮೆಯಾಗುತ್ತದೆ.

ಹೆಸರು ಬರೀ ಪಟ್ಟಿಯಲ್ಲಿದ್ದರೆ ನೀವು ಸರದಿಯಲ್ಲಿದ್ದೀರಿ, ಅಷ್ಟೆ. ಸರ್ಕಾರ ಪಂಚಾಯಿತಿಗೆ ಇಂತಿಷ್ಟು ಮನೆ ಅಂತ ಗುರಿ ಕೊಡುತ್ತದೆ. ಗ್ರಾಮಸಭೆಯಲ್ಲಿ ಆಯ್ಕೆಯಾಗಿ, ಪಿಡಿಒ ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮತ್ತು ಮೇಲಿನವರು ಒಪ್ಪಿದ ಮೇಲೆಯೇ ಮಂಜೂರಾತಿ. ಈ ಹಂತದಲ್ಲಿ ನೀವು ಕೇಳಬೇಕಾದ್ದು ಗ್ರಾಮಸಭೆಯ ನಡಾವಳಿ. ಅದರಲ್ಲಿ ನಿಮ್ಮ ಹೆಸರು ಬರೆದಿದ್ದಾರಾ, ಎಷ್ಟನೇ ನಂಬರಿನಲ್ಲಿದೆ ಅಂತ ಕಣ್ಣಾರೆ ನೋಡಿ.

ಮಂಜೂರಾಗಿದೆ ಅಂತ ಬಂದರೆ ಆದೇಶ ಪತ್ರ ಕೇಳಿ ಪಡೆಯಿರಿ. ಕಟ್ಟುವ ಜಾಗದ ಫೋಟೊವನ್ನು ಪಂಚಾಯಿತಿಯವರು ಆ್ಯಪ್‌ನಲ್ಲಿ ತೆಗೆಯಬೇಕು, ಆ ಫೋಟೊದ ಜೊತೆಗೆ ಜಾಗ ಎಲ್ಲಿದೆ ಎನ್ನುವುದೂ ದಾಖಲಾಗುತ್ತದೆ. ಕೇಂದ್ರದ ಮನೆಗೆ ಈಗ ವಾಸವಿರುವ ಹಳೆ ಮನೆಯದೂ ಬೇಕು. ಹಳೆ ಮನೆ ಕಿತ್ತಾಗಿದ್ದರೆ ಫೋಟೊ ಎಲ್ಲಿಂದ ತರುತ್ತೀರಿ? ಶುರುವಿನಲ್ಲೇ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಆದೇಶ ಪತ್ರ ಕೈಗೆ ಬಂದು, ಫೋಟೊ ಆಗಿ, ನಂತರ ಗುದ್ದಲಿ ಪೂಜೆ.

ಆಮೇಲೆ ಬರುವುದು ಹಂತಗಳು: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ನಮ್ಮ ಗಾರೆ ಮೇಸ್ತ್ರಿಗಳ ಬಾಯಲ್ಲಿ ಪಾಯ, ಲಿಂಟ್ಲು, ಮೋಲ್ಡು. ಒಂದೊಂದು ಹಂತ ಮುಗಿದಾಗಲೂ ಪಂಚಾಯಿತಿಯವರು ಜಾಗಕ್ಕೆ ಬಂದು ಜಿಪಿಎಸ್ ಫೋಟೊ ತೆಗೆದು ಹಾಕಬೇಕು. ಆ ಫೋಟೊ ಕಂಪ್ಯೂಟರಿಗೆ ಹತ್ತಿ, ಒಪ್ಪಿಗೆಯಾದ ಮೇಲೆ ಕಂತಿನ ಹಣ. ಅಂದರೆ ನೀವು ಗೋಡೆ ಎಷ್ಟು ಎಬ್ಬಿಸಿದ್ದೀರಿ ಎನ್ನುವುದು ಸರ್ಕಾರಕ್ಕೆ ಗೊತ್ತಾಗುವುದು ಆ ಫೋಟೊದಿಂದ ಮಾತ್ರ.

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೆ ಗೊತ್ತಿರುವ ಒಬ್ಬ ಅಕ್ಕ ಮೋಲ್ಡ್ ಹಾಕಿಸಿ ಬಿಲ್ಲಿಗೆ ಕಾಯುತ್ತಿದ್ದರು. ಕೇಳಿದಾಗಲೆಲ್ಲ "ಮೇಲಿಂದ ದುಡ್ಡು ಬಂದಿಲ್ಲಮ್ಮ" ಅನ್ನುವ ಉತ್ತರ. ಸಿಮೆಂಟ್ ಅಂಗಡಿಯ ಸಾಲ ಬೆಳೆಯುತ್ತಿತ್ತು. ಮಗಳ ಫೋನಿನಲ್ಲಿ ನೋಡಿದರೆ ಪರದೆಯಲ್ಲಿ ಇನ್ನೂ "ಲಿಂಟಲ್" ಅಂತಲೇ ಇತ್ತು. ಮಾರನೆಯ ದಿನ ಹೋಗಿ ಅವರು ಕೇಳಿದ ಮಾತು ಬೇರೆ: "ಸಾರ್, ದುಡ್ಡಿನ ಮಾತು ಆಮೇಲೆ. ಮೋಲ್ಡ್ ಹಾಕಿದ್ದರ ಫೋಟೊ ಕಂಪ್ಯೂಟರಿಗೆ ಹತ್ತಿದೆಯಾ?" ಹತ್ತಿರಲಿಲ್ಲ. ಫೋಟೊ ತೆಗೆಯಲು ಯಾರೂ ಬಂದೇ ಇರಲಿಲ್ಲ. ಆ ವಾರವೇ ಬಂದು ತೆಗೆದರು. "ದುಡ್ಡು ಯಾವಾಗ ಬರುತ್ತೆ" ಅಂತ ಕೇಳಿದರೆ ಯಾರು ಬೇಕಾದರೂ ಮೇಲಕ್ಕೆ ಬೆರಳು ತೋರಿಸಬಹುದು. "ಫೋಟೊ ಹತ್ತಿದೆಯಾ" ಅಂದರೆ ಎದುರಿಗೆ ಕೂತವರೇ ಉತ್ತರ ಹೇಳಬೇಕಾಗುತ್ತದೆ.

ನೀವೂ ಹಂತ ಹಂತಕ್ಕೆ ನಿಮ್ಮ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅದು ಸರ್ಕಾರಿ ಫೋಟೊ ಆಗುವುದಿಲ್ಲ ನಿಜ, ಆದರೆ ಅರ್ಜಿ ಬರೆಯುವಾಗ ತಾರೀಕಿಗೆ ಆಧಾರವಾಗುತ್ತದೆ.

ಬ್ಲಾಕ್ ಆಗಿದೆ, ಅಂದರೆ ಮನೆಯನ್ನು ತಡೆಹಿಡಿದಿದ್ದಾರೆ, ಅಂತ ಬಂದರೆ ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಆದೇಶ ಕೊಟ್ಟು ಗಡುವಿನೊಳಗೆ ಕೆಲಸ ಶುರುವಾಗದಿದ್ದರೆ, ಅಥವಾ ಮಧ್ಯದಲ್ಲಿ ನಿಂತರೆ ಹೀಗೆ ಮಾಡುತ್ತಾರೆ. ಕಾಯಿಲೆ, ಸಾವು, ಜಾಗದ ತಕರಾರು ಏನೇ ಕಾರಣವಿದ್ದರೂ ಬರೆದುಕೊಟ್ಟು, ಪಿಡಿಒ ಮೂಲಕ ಇಒ ಅವರಿಗೆ ಹೋಗುವಂತೆ ಮಾಡಿ. ಫಲಾನುಭವಿಯೇ ತೀರಿಕೊಂಡಿದ್ದರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ವಾರಸುದಾರರ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಕೇಂದ್ರದ ಗ್ರಾಮೀಣ ಮನೆಯನ್ನು ಮಂಜೂರಾದ 12 ತಿಂಗಳಲ್ಲಿ ಮುಗಿಸಬೇಕು ಅಂತ ನಿಯಮವಿದೆ.

ಹಣ ಬಿಡುಗಡೆ ಅಂತಿದೆ, ಖಾತೆಗೆ ಬಂದಿಲ್ಲ

ಇದು ಬಹಳ ಸಲ ಆಗುವ ತೊಂದರೆ. ಆಧಾರ್ ಮೂಲಕ ಹಣ ಹಾಕಿದಾಗ ಅದು ನೀವು ಪಂಚಾಯಿತಿಗೆ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಹೋಗಬೇಕೆಂದಿಲ್ಲ. ಆಧಾರ್ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸ್ತ್ರೀಶಕ್ತಿ ಸಂಘಕ್ಕೆ ಅಂತ ಒಂದು ಬ್ಯಾಂಕು, ಕಬ್ಬಿನ ಬಿಲ್ಲಿಗೆ ಅಂತ ಇನ್ನೊಂದು, ಹಳೆ ಜನಧನ್ ಖಾತೆ ಮತ್ತೊಂದು. ನಮ್ಮ ಮಂಡ್ಯ ಕಡೆ ಒಬ್ಬೊಬ್ಬರ ಹೆಸರಿನಲ್ಲೂ ಮೂರು ಖಾತೆ ಇರುತ್ತವೆ ಅಲ್ವಾ?

ಸುಲಭವಾಗಿ ತಿಳಿಯುವ ದಾರಿ ಒಂದಿದೆ. ಗೃಹಲಕ್ಷ್ಮಿ ಹಣವೂ ಆಧಾರ್ ಜೋಡಣೆಯ ಖಾತೆಗೇ ಬರುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಆ ಯೋಜನೆಯ 2,000 ರೂಪಾಯಿ ಯಾವ ಬ್ಯಾಂಕಿಗೆ ಬೀಳುತ್ತಿದೆಯೋ ಆ ಪಾಸ್‌ಬುಕ್ಕನ್ನು ಮೊದಲು ಎಂಟ್ರಿ ಮಾಡಿಸಿ. ಮನೆ ಬಿಲ್ಲು ಅಲ್ಲೇ ಕೂತಿರಬಹುದು. ಗೃಹಲಕ್ಷ್ಮಿ ಇಲ್ಲದವರು ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು, ಅಥವಾ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ಸರ್ಕಾರದಿಂದ ಬಂದ ಹಣದ ವಿವರ ಕಾಣುತ್ತದೆ. ಖಾತೆ ಬಳಸದೆ ನಿಂತುಹೋಗಿದ್ದರೆ ಹಣ ವಾಪಸ್ ಹೋಗುತ್ತದೆ. ಆಗ ಬ್ಯಾಂಕಿಗೆ ಹೋಗಿ ಕೆವೈಸಿ ಮಾಡಿಸಿ, ಪಂಚಾಯಿತಿಗೆ ಬರೆದು ತಿಳಿಸಿ.

ಮೊತ್ತದ ಬಗ್ಗೆ ಒಂದು ಮಾತು. ಕೇಂದ್ರದ ಗ್ರಾಮೀಣ ಮನೆಗೆ ಬಯಲು ಸೀಮೆಯಲ್ಲಿ ನಿಗದಿಯಾದದ್ದು 1.20 ಲಕ್ಷ ರೂಪಾಯಿ. ಇದರ ಮೇಲೆ ರಾಜ್ಯ ಸೇರಿಸಿದ್ದೂ ಇರಬಹುದು, ಯೋಜನೆ ಮತ್ತು ವರ್ಗದ ಮೇಲೆ ಮೊತ್ತ ಬದಲಾಗುತ್ತದೆ. ಹಾಗಾಗಿ ಪಕ್ಕದ ಮನೆಯವರಿಗೆ ಎಷ್ಟು ಬಂತು ಅಂತ ಹೋಲಿಸಬೇಡಿ, ನಿಮ್ಮ ಆದೇಶ ಪತ್ರದಲ್ಲಿ ಬರೆದದ್ದನ್ನು ನೋಡಿ. ನರೇಗಾ (ಉದ್ಯೋಗ ಖಾತ್ರಿ) ಅಡಿ ಜೋಡಿಸಿ ಕಟ್ಟಿದ ಮನೆಗಳಿಗೆ 90 ದಿನದ ಕೂಲಿ ಬೇರೆ ಇರುತ್ತಿತ್ತು. ಅದು ಜಾಬ್ ಕಾರ್ಡ್ ಲೆಕ್ಕದಲ್ಲಿ ಬರುವುದರಿಂದ ಮನೆ ಬಿಲ್ಲಿನಲ್ಲಿ ಕಾಣುವುದಿಲ್ಲ. ಬರಬೇಕಾದ ಕೂಲಿಯನ್ನು ಎಷ್ಟೋ ಜನ ಕೇಳದೆಯೇ ಬಿಟ್ಟಿದ್ದಾರೆ. ನೀವು ಕೇಳಿ.

ಯಾರೂ ಉತ್ತರ ಕೊಡದಿದ್ದರೆ

ಬಾಯಿಮಾತಿನಲ್ಲಿ ಕೇಳುವುದು ಒಂದೆರಡು ಸಲ ಸಾಕು. ಆಮೇಲೆ ಬರವಣಿಗೆ. ಅರ್ಜಿಯಲ್ಲಿ ಕಥೆ ಬೇಡ. ಫಲಾನುಭವಿ ಸಂಖ್ಯೆ, ಯೋಜನೆ, ವರ್ಷ, ಹಂತ ಮುಗಿದ ತಾರೀಕು, ಪರದೆಯಲ್ಲಿ ಈಗ ತೋರಿಸುತ್ತಿರುವ ಹಂತ, ಇಷ್ಟು ಬರೆದು, ಪರದೆಯ ಪ್ರಿಂಟ್ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಪಿಡಿಒ ನಂತರ ತಾಲ್ಲೂಕು ಪಂಚಾಯಿತಿ ಇಒ, ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ಪಟ್ಟಣದಲ್ಲಾದರೆ ಪುರಸಭೆ, ನಗರಸಭೆಯ ವಸತಿ ವಿಭಾಗ, ಪಾಲಿಕೆಯಲ್ಲಿ ವಲಯ ಕಚೇರಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

"ನಾನು ಲಿಸ್ಟಿಗೆ ಸೇರಿಸ್ತೀನಿ, ಬ್ಲಾಕ್ ತೆಗೆಸ್ತೀನಿ" ಅಂತ ಬರುವವರಿಗೆ ದುಡ್ಡು ಕೊಡಬೇಡಿ. ಆ ಕೆಲಸ ಮಾಡುವ ಲಾಗಿನ್ ಅವರ ಹತ್ತಿರ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ "ಉಚಿತ ಮನೆ ಪಟ್ಟಿ" ಲಿಂಕುಗಳನ್ನೂ ಒತ್ತಬೇಡಿ. ಸರ್ಕಾರದ ವಿಳಾಸ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದೇ ಮುಗಿಯುತ್ತದೆ. ಫೋನ್ ಮಾಡಿ ಒಟಿಪಿ ಕೇಳಿದರೆ ಕಾಲ್ ಕಟ್ ಮಾಡಿ.

ಅರ್ಜಿಗೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಇಟ್ಟರೆ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಗ್ರಾಮ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಬಹುದು:

"ಇಂಥ ಯೋಜನೆಯಲ್ಲಿ, ಇಂಥ ಸಾಲಿನಲ್ಲಿ ಮಂಜೂರಾದ ನನ್ನ ಮನೆಗೆ (ಫಲಾನುಭವಿ ಸಂಖ್ಯೆ ಇಂಥದ್ದು) ಸಂಬಂಧಿಸಿದಂತೆ, ಪ್ರತಿ ಹಂತದ ಜಿಪಿಎಸ್ ಫೋಟೊ ಅಪ್‌ಲೋಡ್ ಮಾಡಿದ ದಿನಾಂಕ, ತಾಲ್ಲೂಕು ಪಂಚಾಯಿತಿಗೆ ಕಳಿಸಿದ ದಿನಾಂಕ, ಬಿಡುಗಡೆಯಾದ ಕಂತುಗಳ ಮೊತ್ತ, ದಿನಾಂಕ ಮತ್ತು ಹಣ ಜಮೆಯಾದ ಬ್ಯಾಂಕಿನ ಹೆಸರು ಇರುವ ದಾಖಲೆಗಳ ದೃಢೀಕೃತ ನಕಲು ಕೊಡಬೇಕು."

ಕೆಳಗೆ ಸಹಿ, ವಿಳಾಸ, ತಾರೀಕು. ಕೈಯಲ್ಲಿ ಕೊಟ್ಟರೆ ಸೀಲು ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಆದೇಶ ಪತ್ರದ ಜೊತೆಗೇ ಪಿನ್ ಮಾಡಿಡಿ.